ಗಿಳಿಪಾಠ ಸಾಲದು

1960ರ ದಶಕದ ಆರಂಭದವರೆಗೂ ಬಳ್ಳಾರಿಯ ಕಥೋಲಿಕರ ಬಲಿಪೂಜೆ, ಉಪದೇಶವೊಂದನ್ನು ಬಿಟ್ಟರೆ, ಲ್ಯಾಟಿನ್ನಿನಲ್ಲಿತ್ತು. ಅರ್ಥ ತಿಳಿಯದ ಜನ ತಮ್ಮಷ್ಟಕ್ಕೆ ಜಪಮಾಲೆ ಎಣಿಸುತ್ತಿದ್ದರು. ಜನ ಮೂಕಪ್ರೇಕ್ಷಕರಾಗದೆ ಅರಿತು ಪಾಲ್ಗೊಳ್ಳಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಾರಿತು. ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಇದನ್ನು ಕಲಿಸಲು 1967ರಲ್ಲಿ ಬೆಂಗಳೂರಿನಲ್ಲಿ ಫಾದರ್ ಡಿ.ಎಸ್. ಅಮಲೋರ್‌ಪವದಾಸ್ ನೇತೃತ್ವದಲ್ಲಿ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. 1969ರಲ್ಲಿ ಪೂಜೆಯಲ್ಲಿ ಆರತಿಗೂ ರೋಮ್ ಒಪ್ಪಿತು.

ಆದರೆ ಭಾಷೆ ಬದಲಾದ ಮಾತ್ರಕ್ಕೆ ಅರ್ಥ ತಾನಾಗಿ ಬರುವುದಿಲ್ಲ. ಕನ್ನಡದ ಪ್ರಾರ್ಥನೆಗಳನ್ನೂ ಮಕ್ಕಳು ಸೂತ್ರದಂತೆ ಉರು ಹೊಡೆಯಬಲ್ಲರು. ವಾಚನಗಳಿಗೆ ಕುಳಿತಿದ್ದವರು ಶುಭಸಂದೇಶಕ್ಕೆ ಏಕೆ ಎದ್ದು ನಿಲ್ಲುತ್ತಾರೆ? ಅಲ್ಲಿ ಕ್ರಿಸ್ತನೇ ಮಾತನಾಡುತ್ತಾನೆಂಬ ನಂಬಿಕೆಯಿಂದ. ಕಾರಣ ತಿಳಿದ ಮಗುವಿಗೆ ಅದು ಕವಾಯತಲ್ಲ, ಗೌರವ. ತಂದೆತಾಯಂದಿರೇ, ಭಾನುವಾರ ಮನೆಗೆ ಮರಳುವಾಗ ಮಕ್ಕಳು ಒಂದು ‘ಏಕೆ’ ಕೇಳಲಿ. ಉತ್ತರ ತಿಳಿಯದಿದ್ದರೆ ಇಬ್ಬರೂ ಸೇರಿ ಗುರುಗಳನ್ನು ಕೇಳಿ.