ಅರಳುಮರಳು ಎಂದು ಬಿಟ್ಟುಬಿಡುವ ಮೊದಲು

ಉಪ್ಪಳದ ಹತ್ತಿರ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಬರುವವರಲ್ಲಿ ಹೆಚ್ಚಿನವರು ಬಿಪಿ, ಸಕ್ಕರೆ ಕಾಯಿಲೆ ಇರುವ ಹಿರಿಯರು. "ಉಮ್ಮಾ, ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಎಂದು ಕೇಳಿದರೆ ಉಮ್ಮ ಪಕ್ಕದಲ್ಲಿ ನಿಂತ ಸೊಸೆಯ ಕಡೆಗೆ ಮುಖ ತಿರುಗಿಸುತ್ತಾರೆ. ಉತ್ತರ ಸೊಸೆಯಿಂದ ಬರುತ್ತದೆ. ನಾನು ಬಿಪಿ ನೋಡಿ ಚೀಟಿ ಬರೆದು ಕಳಿಸುತ್ತೇನೆ. ಹೊರಗೆ ಜನ ಕಾಯುತ್ತಿರುತ್ತಾರೆ.

ಹಾಗೆ ಮುಖ ತಿರುಗಿಸುವುದನ್ನು ವರ್ಷಗಟ್ಟಲೆ ನಾನು ಸಂಕೋಚ ಎಂದೇ ತಿಳಿದಿದ್ದೆ. ಕೆಲವರದ್ದು ನಿಜವಾಗಿಯೂ ಸಂಕೋಚವೇ. ಆದರೆ ಪ್ರತಿ ಪ್ರಶ್ನೆಗೂ ಹೀಗೆ ಜೊತೆಗೆ ಬಂದವರ ಮುಖ ನೋಡುವುದು ಮರೆವಿನ ಕಾಯಿಲೆಯ, ಅಂದರೆ ಡಿಮೆನ್ಷಿಯಾದ ಒಂದು ಗುರುತೂ ಆಗಿರಬಹುದು. ಓದುವಾಗ ಕಲಿತ ಪಾಠ ಇದು. ಕ್ಲಿನಿಕ್ಕಿನಲ್ಲಿ ಕಣ್ಣೆದುರೇ ಕಂಡಾಗ ನನಗೆ ಹೊಳೆಯಲಿಲ್ಲ.

ಆರು ವರ್ಷ ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಉಮ್ಮನನ್ನು ಒಂದು ನೋಂಬಿನ ಮಧ್ಯಾಹ್ನ ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಕರೆತಂದರು. ಸಕ್ಕರೆ ಅಂಶ ತೀರಾ ಇಳಿದಿತ್ತು. ಅತ್ತಾಳಕ್ಕೆ ಒಂದು ಸಲ ಮಾತ್ರೆ ನುಂಗಿದ್ದಾರೆ, ಅದನ್ನು ಮರೆತು ಮತ್ತೊಮ್ಮೆ ನುಂಗಿದ್ದಾರೆ. ಬದುಕಿದರು, ಅಲ್‌ಹಮ್ದುಲಿಲ್ಲಾಹ್. ಅಂದು ವಿಚಾರಿಸಿದಾಗ ಒಂದೊಂದೇ ವಿಷಯ ಹೊರಗೆ ಬಂತು. ಎರಡು ವರ್ಷದಿಂದ ಕೇಳಿದ್ದನ್ನೇ ಕೇಳುತ್ತಿದ್ದರು. ಮಗಳ ಮನೆಗೆ ಹೋದರೆ ರಾತ್ರಿ ಬಚ್ಚಲಿಗೆ ದಾರಿ ಸಿಗುತ್ತಿರಲಿಲ್ಲ. ತಾವೇ ಎಲ್ಲೋ ಬಚ್ಚಿಟ್ಟ ಅಲಿಕತ್ತನ್ನು ಸೊಸೆ ಕದ್ದಳೆಂದು ನೆಂಟರ ಮುಂದೆಲ್ಲ ಹೇಳಿದ್ದರು. ಆ ಸೊಸೆ ಎರಡು ವರ್ಷ ಕಳ್ಳಿ ಎನ್ನಿಸಿಕೊಂಡೇ ಅವರಿಗೆ ಅನ್ನ ಬಡಿಸಿದ್ದಳು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಪ್ರಾಯ ಆಯಿತಲ್ವಾ ಡಾಕ್ಟ್ರೇ, ಅರಳುಮರಳು ಅಂದುಕೊಂಡೆವು" ಎಂದರು.

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯಿಂದ ನಮಗೆ ಉಪಕಾರವಾಗಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಇದು ಹೆಚ್ಚು. ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಇದು ಇಲ್ಲ. ಪ್ರಾಯಕ್ಕೆ ಇದು ಸಹಜ ಎನ್ನುವುದು ಹೇಗೆ? ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಸಹಜ. ನಲವತ್ತು ವರ್ಷ ಮಾಡಿದ ನೀರುದೋಸೆಯ ಹಿಟ್ಟಿನ ಹದವೇ ತಪ್ಪಿದರೆ, ಪರಿಚಯದ ದಾರಿಯಲ್ಲೇ ದಿಕ್ಕು ತಪ್ಪಿದರೆ ಅದು ಸಹಜವಲ್ಲ.

ನಮ್ಮ ಮನೆಗಳಲ್ಲಿ ಇದು ಬೇಗ ಕಾಣುವುದೂ ಇಲ್ಲ. ಅಡುಗೆ ಸೊಸೆಯದ್ದು, ಲೆಕ್ಕಾಚಾರ ಗಲ್ಫಿನಲ್ಲಿರುವ ಮಗನದ್ದು. ಉಮ್ಮ ಎಡವುವ ಸಂದರ್ಭವೇ ಬರುವುದಿಲ್ಲ. "ಯಾಸೀನ್ ಒಂದಕ್ಷರ ತಪ್ಪದೆ ಓದುತ್ತಾರೆ, ಅವರಿಗೆಂಥ ಮರೆವು?" ಎಂದು ಮಗ ಕೇಳುತ್ತಾನೆ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಎಷ್ಟೋ ಕಾಲ ಉಳಿಯುತ್ತದೆ. ಮೊದಲು ಕೈಬಿಡುವುದು ಇಂದು ಬೆಳಿಗ್ಗೆಯ ನೆನಪು. ಹಳೆಯದನ್ನು ಚೆನ್ನಾಗಿ ಹೇಳುತ್ತಾರೆ ಎಂದು ಸಮಾಧಾನಪಡುವ ಬದಲು ನಿನ್ನೆ ಮನೆಗೆ ಬಂದವರು ಯಾರೆಂದು ಕೇಳಿ ನೋಡಿ.

ವೈದ್ಯರಾದ ನಮ್ಮ ತಪ್ಪು ಇನ್ನೊಂದಿದೆ. ಗಡಿನಾಡಿನ ಹಿರಿಯರು ಮನೆಯಲ್ಲಿ ಬ್ಯಾರಿ ಮಾತಾಡುವವರು. ಶಾಲೆಗೆ ಹೋಗಿದ್ದರೆ ಕಲಿತದ್ದು ಕನ್ನಡ. ಆಸ್ಪತ್ರೆಯ ಪ್ರಶ್ನೆಗಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಇಂದು ತಾರೀಕೆಷ್ಟು, ಗಡಿಯಾರದ ಚಿತ್ರ ಬಿಡಿಸಿ ಎಂದರೆ ಶಾಲೆಯ ಮೆಟ್ಟಿಲು ಹತ್ತದ ಉಮ್ಮ ಏನು ಮಾಡಿಯಾರು? ಅವರು ಸೋತರೆ ಸೋತದ್ದು ನೆನಪೋ ಭಾಷೆಯೋ ತಿಳಿಯುವುದಿಲ್ಲ. ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲೇ ಓದುಬರಹ ಬಾರದ ಹಿರಿಯರಿಗೆ ಹೊಂದುವ ಹಿಂದಿ ಪರೀಕ್ಷೆಯನ್ನು ರೂಪಿಸಿದ್ದರು. ನಮಗೂ ನಮ್ಮ ಮಾತಿನಲ್ಲಿ ಅಂಥದ್ದು ಬೇಕು. ಸದ್ಯ ನಾನು ಬ್ಯಾರಿಯಲ್ಲೇ ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ನಂತರ ಕೇಳುತ್ತೇನೆ. ನೋಂಬು ಕಳೆದು ಎಷ್ಟು ತಿಂಗಳಾಯಿತು ಎಂದು ಕೇಳುತ್ತೇನೆ. ಇದರಿಂದಲೇ ಕಾಯಿಲೆ ನಿರ್ಧಾರವಾಗದು, ಮುಂದೆ ಪರೀಕ್ಷಿಸಬೇಕೇ ಎಂಬುದು ತಿಳಿಯುತ್ತದೆ.

"ತಿಳಿದು ಏನು ಪ್ರಯೋಜನ? ಮದ್ದಿಲ್ಲವಲ್ಲ" ಎನ್ನುವವರಿದ್ದಾರೆ. ಮರೆವು ಇದ್ದವರೆಲ್ಲರಿಗೂ ಡಿಮೆನ್ಷಿಯಾ ಇರುವುದಿಲ್ಲ. ಥೈರಾಯ್ಡ್ ಕುಂದಿದರೆ, ಬಿ12 ಕಡಿಮೆಯಾದರೆ, ಬಿಪಿ ಮಾತ್ರೆಯಿಂದ ಸೋಡಿಯಂ ಇಳಿದರೆ, ನಿದ್ದೆ ಮಾತ್ರೆ ಹೆಚ್ಚಾದರೆ, ಮನಸ್ಸು ಕುಗ್ಗಿದರೆ, ಕಿವಿ ಮಂದವಾದರೆ ಹೀಗೇ ಕಾಣಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ. ನಿನ್ನೆ ಸರಿ ಇದ್ದವರು ಇಂದು ಏನೇನೋ ಮಾತಾಡಿದರೆ, ಬಿದ್ದ ಮೇಲೆ ಮಂಕಾದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಇನ್ನು ಅಲ್ಝೈಮರ್ ಆಗಿದ್ದರೆ ಪೂರ್ತಿ ಗುಣಪಡಿಸುವ ಮದ್ದಿಲ್ಲ, ನಿಜ. ಆದರೂ ಮಾತ್ರೆಯ ಡಬ್ಬಿ ಬೇರೆಯವರ ಕೈಗೆ ಹೋಗುತ್ತದೆ. ಜಾಗದ ಕಾಗದಕ್ಕೆ ತಿಳಿಯದೆ ಹೆಬ್ಬೆಟ್ಟು ಒತ್ತುವುದು ತಪ್ಪುತ್ತದೆ. ನಾನು ಕಾಯಿಲೆಯ ಹೆಸರು ಹೇಳಿದ ದಿನ ಆ ಸೊಸೆ ಕೇಳಿದ್ದು ಒಂದೇ ಮಾತು: "ಹಾಗಾದರೆ ನನ್ನನ್ನು ಕಳ್ಳಿ ಅಂದದ್ದು ಕಾಯಿಲೆಯಾ ಡಾಕ್ಟ್ರೇ?" ಹೌದು ಎಂದೆ. ಅವಳು ಅಲ್ಲೇ ಕೂತು ಅತ್ತಳು. ಎರಡು ವರ್ಷ ಮೊದಲೇ ಆ ಮಾತು ಹೇಳಬೇಕಾಗಿದ್ದವನು ನಾನು.

ಮನೆಯ ಮಾನ ಹೋಗುತ್ತದೆ, ಮಕ್ಕಳ ಸಂಬಂಧಕ್ಕೆ ಅಡ್ಡಿಯಾಗುತ್ತದೆ ಎಂದು ಮುಚ್ಚಿಡಬೇಡಿ. ಇದು ಹುಚ್ಚಲ್ಲ, ಮಿದುಳಿನ ಕಾಯಿಲೆ. ಉಸ್ತಾದರಿಂದ ದುಆ ಮಾಡಿಸಿ, ಡಾಕ್ಟರ ಹತ್ತಿರವೂ ಬನ್ನಿ. ಮುಂದಿನ ಸಲ ಬರುವಾಗ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ತನ್ನಿ. ಮನೆಯಲ್ಲಿ ಕಂಡ ಬದಲಾವಣೆಯನ್ನು ಚೀಟಿಯಲ್ಲಿ ಬರೆದು ಕೊಡಿ, ಉಮ್ಮನ ಎದುರಿಗೆ ಹೇಳಿ ಅವರನ್ನು ನೋಯಿಸಬೇಕಾಗಿಲ್ಲ. ನಾವು ಕೇಳಿದ ಪ್ರಶ್ನೆಗೆ ಮೊದಲು ಉಮ್ಮನೇ ಉತ್ತರಿಸಲಿ. ಅವರು ನಿಮ್ಮ ಮುಖ ನೋಡಿದರೂ ಸ್ವಲ್ಪ ಹೊತ್ತು ಸುಮ್ಮನಿರಿ. ಹೊರಗೆ ಎಷ್ಟು ಜನ ಕಾಯುತ್ತಿದ್ದರೂ ಆ ಹೊತ್ತನ್ನು ಅವರಿಗೆ ಕೊಡುವುದು ನಮ್ಮ ಕೆಲಸ.