ಅಜ್ಜಿಗೆ ಒತ್ತು ಕೊಡದ ಸಾಫ್ಟ್‌ವೇರು ಯಾಕೆ ಬೇಕು?

"ಮನೆಯ ಹಳೇ ಫೋಟೋಗಳನ್ನೆಲ್ಲ ಸೇರಿಸಿ ಕಂಪ್ಯೂಟರಿನಲ್ಲಿ ಒಂದು ಸ್ಕ್ರಾಪ್‌ಬುಕ್ ಮಾಡಬೇಕು. ಏನೂ ಗೊತ್ತಿಲ್ಲದವರಿಗೆ ಯಾವ ಸಾಫ್ಟ್‌ವೇರ್ ಒಳ್ಳೇದು?" ಈ ಪ್ರಶ್ನೆ ಕೇಳುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೇ ಇಲ್ಲಿ ಬರೆದು ಹಾಕ್ತಿದೀನಿ. ನನ್ನ ಉತ್ತರ ಕೆಲವರಿಗೆ ಹಿಡಿಸಲಿಕ್ಕಿಲ್ಲ, ಯಾಕಂದ್ರೆ ಅದರಲ್ಲಿ ಫೋಟೋಶಾಪ್‌ಗೆ ಮೊದಲ ಮಣೆ ಇಲ್ಲ.

ಸ್ಕ್ರಾಪ್‌ಬುಕ್ ಅಂದ್ರೆ ಏನೋ ಅಮೆರಿಕಾದ ಹೆಂಗಸರ ಹವ್ಯಾಸ ಅಂದ್ಕೊಳ್ಳಬೇಡಿ. ಅಲ್ಲಿ ಅದು ಜೋರಾಗಿರೋದು ನಿಜ. ಸಾಹಿತಿ ಮಾರ್ಕ್ ಟ್ವೇನ್ 1873ರಷ್ಟು ಹಿಂದೆಯೇ ಮೊದಲೇ ಅಂಟು ಬಳಿದಿಟ್ಟ ಹಾಳೆಗಳ ಸ್ಕ್ರಾಪ್‌ಬುಕ್‌ಗೆ ಪೇಟೆಂಟ್ ತಗೊಂಡಿದ್ದ. ಆದರೆ ನಮ್ಮಲ್ಲೂ ಹಳೇ ನೋಟ್‌ಬುಕ್ಕಿನಲ್ಲಿ ಅಣ್ಣಾವ್ರ ಚಿತ್ರ, ಗವಾಸ್ಕರ್ ಚಿತ್ರ ಕತ್ತರಿಸಿ ಅನ್ನದ ಅಗುಳಲ್ಲಿ ಅಂಟಿಸಿದವರು ಕಮ್ಮಿಯೇ? ಅದರ ಪಕ್ಕದಲ್ಲಿ ಇಂಕ್ ಪೆನ್ನಿನಲ್ಲಿ ಎರಡು ಸಾಲು ಬರೀತಿದ್ವಲ್ಲ, ಅದೇ ಸ್ಕ್ರಾಪ್‌ಬುಕ್ಕಿನ ಜೀವ. ಬರೀ ಚಿತ್ರ ಇದ್ದರೆ ಅದು ಆಲ್ಬಮ್. ಚಿತ್ರದ ಜೊತೆ ಲಗ್ನಪತ್ರಿಕೆ, ಬಸ್ ಟಿಕೆಟ್ಟು, ಅಜ್ಜನ ಕಾರ್ಡು, ಅಮ್ಮ ಬರೆದಿಟ್ಟ ಸಾರಿನಪುಡಿ ಲೆಕ್ಕ, ಜೊತೆಗೆ "ಇದು ಯಾರು, ಯಾವಾಗ, ಎಲ್ಲಿ" ಅನ್ನೋ ಮಾತು ಸೇರಿದರೆ ಸ್ಕ್ರಾಪ್‌ಬುಕ್.

ಈಗ ಸಾಫ್ಟ್‌ವೇರಿನ ವಿಷಯ. ಅಂತರ್ಜಾಲದಲ್ಲಿ ಹುಡುಕಿದರೆ "ಟಾಪ್ ಹತ್ತು" ಪಟ್ಟಿಗಳು ರಾಶಿ ರಾಶಿ ಸಿಗುತ್ತವೆ. ಟೆಂಪ್ಲೇಟ್ ಎಷ್ಟಿವೆ, ಸ್ಟಿಕ್ಕರ್ ಎಷ್ಟಿವೆ, ಬೆಲೆ ಎಷ್ಟು ಅನ್ನೋದರ ಮೇಲೆ ಅವುಗಳಿಗೆ ಅಂಕ ಕೊಟ್ಟಿರ್ತಾರೆ. ನಮಗೆ ಬೇಕಾದ ಮೊದಲ ಪ್ರಶ್ನೆಯನ್ನ ಆ ಪಟ್ಟಿಗಳು ಕೇಳೋದೇ ಇಲ್ಲ. ಇದರಲ್ಲಿ "ಅಜ್ಜಿ" ಅಂತ ಬರೆಯೋಕೆ ಬರುತ್ತಾ?

ನಗಬೇಡಿ. ಯೂನಿಕೋಡ್‌ನಲ್ಲಿ "ಜ್ಜಿ" ಅನ್ನೋದು ಒಂದೇ ಅಕ್ಷರವಾಗಿ ಇಲ್ಲ. ಜ, ಹಲಂತ, ಮತ್ತೆ ಜ, ಆಮೇಲೆ ಇ-ಕಾರದ ಗುಡಿಸು, ಹೀಗೆ ನಾಲ್ಕು ಸಂಕೇತ ಸಾಲಾಗಿ ಕೂತಿರ್ತವೆ. ಇವನ್ನ ಸೇರಿಸಿ ಒತ್ತಕ್ಷರ ಕೂರಿಸೋದು ಫಾಂಟಿನಲ್ಲಿರುವ ನಿಯಮಗಳನ್ನ ಓದಿಕೊಳ್ಳುವ ಸಾಫ್ಟ್‌ವೇರಿನ ಕೆಲಸ. ಅದು ಗೊತ್ತಿಲ್ಲದ ಸಾಫ್ಟ್‌ವೇರಿನಲ್ಲಿ ಅಜ್ಜಿ ಹೋಗಿ "ಅಜ್‌ಜಿ" ಆಗ್ತಾಳೆ. ಊರ ತುಂಬ ಫ್ಲೆಕ್ಸ್‌ಗಳಲ್ಲಿ "ಹಾರ್‌ದಿಕ ಶುಭಾಶಯ" ನೋಡಿದ್ದೀರಲ್ಲ, ಅದೇ ರೋಗ.

ಹಾಗಾಗಿ ಯಾವ ಸಾಫ್ಟ್‌ವೇರ್ ಸಿಕ್ಕರೂ ನಾನು ಮೊದಲು ಟೈಪ್ ಮಾಡೋದು ನಾಲ್ಕು ಪದ: ಅಜ್ಜಿ, ಸೂರ್ಯ, ರಾಷ್ಟ್ರ, ರಾಜ್‌ಕುಮಾರ್. ಅಜ್ಜಿಯಲ್ಲಿ ಸಾದಾ ಒತ್ತು ಬರುತ್ತಾ ನೋಡಬಹುದು. ಸೂರ್ಯನಲ್ಲಿ ಅರ್ಕಾವತ್ತು ಯ ಆದಮೇಲೆ ಬರಬೇಕು. ರಾಷ್ಟ್ರದಲ್ಲಿ ಷ ಕೆಳಗೆ ಎರಡು ಒತ್ತು ಒಂದಕ್ಕೊಂದು ಗುದ್ದಾಡದೆ ಕೂರಬೇಕು. ರಾಜ್‌ಕುಮಾರ್‌ನಲ್ಲಿ ಮಾತ್ರ ಒತ್ತು ಬರಲೇಬಾರದು, ನಡುವೆ ಹಾಕಿದ ಕಣ್ಣಿಗೆ ಕಾಣದ ಬಿಡಿಸುವ ಸಂಕೇತವನ್ನ ಸಾಫ್ಟ್‌ವೇರ್ ಗೌರವಿಸಬೇಕು. ನಾಲ್ಕೂ ಪಾಸಾದರೆ ಮುಂದಿನ ಮಾತು. ಒಂದು ಫೇಲಾದರೂ ಅದರಲ್ಲಿ ಸಾವಿರ ಸ್ಟಿಕ್ಕರ್ ಇದ್ದೂ ನನಗೆ ಬೇಡ.

"ಅಷ್ಟಕ್ಕೆಲ್ಲ ಯಾಕೆ, ನುಡಿಯಲ್ಲೋ ಬರಹದಲ್ಲೋ ಹಳೇ ಫಾಂಟ್ ಹಾಕಿ ಟೈಪ್ ಮಾಡಿದ್ರಾಯ್ತು" ಅನ್ನೋರಿದ್ದಾರೆ. ಒತ್ತಕ್ಷರ ಬಾರದಿದ್ದ ಕಾಲದಲ್ಲಿ ಡಿಟಿಪಿಯವರೆಲ್ಲ ಮಾಡ್ತಿದ್ದದ್ದು ಅದನ್ನೇ, ಅವರನ್ನ ದೂರೋ ಹಾಗಿಲ್ಲ. ಆದರೆ ಆ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದಂಥವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಅಜ್ಜಿಯ ಹೆಸರಿನ ಜಾಗದಲ್ಲಿ ಟೊಪ್ಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ ನಡೀತಿರುತ್ತೆ. ಹುಡುಕಿದರೆ ಆ ಹೆಸರು ಸಿಗೋದೂ ಇಲ್ಲ. ಇಪ್ಪತ್ತು ವರ್ಷ ಬಾಳಬೇಕಾದ ಕೆಲಸಕ್ಕೆ ಯೂನಿಕೋಡ್ ಬಿಟ್ಟು ಬೇರೆ ದಾರಿ ಇಲ್ಲ.

ಎರಡನೇ ಪ್ರಶ್ನೆ: ಹಾಕಿದ್ದನ್ನ ವಾಪಸ್ ತೆಗೀಬಹುದಾ? ನಮ್ಮಲ್ಲಿ ಎಷ್ಟೋ ಜನ ಫೋಟೋ ಜೋಡಿಸೋದು ಕಲಿತದ್ದೇ ಪಿಕಾಸಾದಲ್ಲಿ. ಗೂಗಲ್ 2004ರಲ್ಲಿ ಅದನ್ನ ಕೊಂಡಿತು, ಪುಕ್ಕಟೆ ಕೊಟ್ಟಿತು, 2016ರಲ್ಲಿ ನಿಲ್ಲಿಸಿಬಿಟ್ಟಿತು. ಲಗ್ನಪತ್ರಿಕೆಯಿಂದ ಶಾಲಾ ವಾರ್ಷಿಕೋತ್ಸವದ ಪುಸ್ತಕದವರೆಗೆ ಎಲ್ಲಕ್ಕೂ ಬಳಕೆಯಾದ ಮೈಕ್ರೋಸಾಫ್ಟ್ ಪಬ್ಲಿಷರ್‌ಗೂ 2026ರ ಅಕ್ಟೋಬರ್ ಕೊನೆ ಅಂತ ಕಂಪನಿ ಘೋಷಿಸಿದೆ. ದೊಡ್ಡ ಕಂಪನಿಗಳದ್ದೇ ಹೀಗಾದರೆ, ಸ್ಕ್ರಾಪ್‌ಬುಕ್ಕಿಗೆಂದೇ ಮಾಡಿದ ಸಣ್ಣ ಕಂಪನಿಗಳ ಸಾಫ್ಟ್‌ವೇರನ್ನ, ಅದರದ್ದೇ ವಿಚಿತ್ರ ಹೆಸರಿನ ಫೈಲನ್ನ ಎಷ್ಟು ನಂಬೋದು? ಯಾವುದರಲ್ಲೇ ಮಾಡಿ, ಮೂಲ ಫೋಟೋಗಳು ಬೇರೆ ಫೋಲ್ಡರಿನಲ್ಲಿ ಇರಲಿ, ಮುಗಿದ ಪುಟ ಪಿಡಿಎಫ್ ಆಗಿ, ಜೆಪೆಗ್ ಆಗಿ ಹೊರಗೆ ಬರಲಿ. ಅದು ಕೊಡದ ಸಾಫ್ಟ್‌ವೇರ್ ಬೇಡ.

ಮೂರನೇದು ಅಳತೆ. ಸ್ಕ್ರಾಪ್‌ಬುಕ್ಕಿನ ರೂಢಿಯ ಪುಟ 12 ಇಂಚು ಚೌಕ. ಚೆನ್ನಾಗಿ ಪ್ರಿಂಟ್ ಆಗಬೇಕಾದರೆ ಇಂಚಿಗೆ 300 ಚುಕ್ಕಿ ಬೇಕು, ಅಂದ್ರೆ 3600 x 3600 ಪಿಕ್ಸೆಲ್. 8 ಇಂಚಿನ ಚಿಕ್ಕ ಪುಸ್ತಕಕ್ಕೆ 2400 x 2400 ಸಾಕು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗಿ ಸುಮಾರು 1600 ಪಿಕ್ಸೆಲ್ ಆಗಿ ಬಂದಿರುತ್ತೆ, 300ರಿಂದ ಭಾಗಿಸಿ ನೋಡಿ, 5 ಇಂಚು ಚಿಲ್ಲರೆ ಅಷ್ಟೇ. ಅದನ್ನ ಪುಟದ ತುಂಬ ಎಳೆದರೆ ಮುಖ ಮುಖವಾಗಿ ಉಳಿಯೋಲ್ಲ. ಹಳೇ 4 x 6 ಪ್ರಿಂಟನ್ನ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2400 x 3600 ಸಿಗುತ್ತೆ, ಎರಡು ಪಟ್ಟು ದೊಡ್ಡದು ಮಾಡಿದರೂ ನಡೆಯುತ್ತೆ. ಹಾಗೇ ಒಂದು ಕಿವಿಮಾತು: ಫೋಟೋದ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಸೀಲು, ಪೆನ್ಸಿಲಿನಲ್ಲಿ ಬರೆದ ತಾರೀಖು, ಹೆಸರು ಎಲ್ಲ ಅಲ್ಲೇ ಇರೋದು.

ಈಗ ನೇರವಾಗಿ ಹೇಳ್ತೀನಿ. ಹೊಸಬರಿಗೆ ನನ್ನ ಮೊದಲ ಸಲಹೆ ಲಿಬ್ರೆ ಆಫೀಸಿನ ಇಂಪ್ರೆಸ್. ಹೌದು, ಆಫೀಸಿನಲ್ಲಿ ಸ್ಲೈಡ್ ತೋರಿಸೋ ಅದೇ ಜಾತಿಯದ್ದು. ಪುಕ್ಕಟೆ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಬರುತ್ತೆ, ನಮ್ಮ ನಾಲ್ಕೂ ಪದ ಸರಿಯಾಗಿ ಬರೆಯುತ್ತೆ. ಆಪ್ಶನ್ಸ್‌ನ ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಕನ್ನಡ ಅಂತ ಆರಿಸಿಕೊಳ್ಳಿ. ಸ್ಲೈಡಿನ ಉದ್ದ ಅಗಲ ಎರಡನ್ನೂ 30.48 ಸೆಂ.ಮೀ. ಮಾಡಿದರೆ 12 ಇಂಚಿನ ಚೌಕ ಪುಟ ತಯಾರು. ಚಿತ್ರ ಎಳೆದು ಹಾಕಿ, ಕತ್ತರಿಸಿ, ಓರೆ ಮಾಡಿ, ಪಕ್ಕದಲ್ಲಿ ಅಕ್ಷರದ ಡಬ್ಬಿ ಇಡಿ. ಪಿಡಿಎಫ್ ಮಾಡುವಾಗ ಚಿತ್ರದ ರೆಸಲ್ಯೂಶನ್ 300ಕ್ಕಿಂತ ಇಳಿಸಬೇಡಿ. ಪವರ್‌ಪಾಯಿಂಟ್ ಇದ್ದವರು ಅದರಲ್ಲೇ ಮಾಡಬಹುದು, ಚಿತ್ರಗಳನ್ನ ಕುಗ್ಗಿಸಬೇಡ ಅನ್ನೋ ಆಯ್ಕೆಯನ್ನ ಮೊದಲೇ ಟಿಕ್ ಮಾಡಿ ಅಷ್ಟೇ. ಪ್ರಿಂಟ್ ಅಂಗಡಿಗೆ ಮಾತ್ರ ಸ್ಲೈಡಿನ ಫೈಲ್ ಕೊಡಬೇಡಿ, ಅಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಪುಟ ಕದಡಿಹೋಗುತ್ತೆ. ಪಿಡಿಎಫ್ ಒಳಗೆ ಫಾಂಟೂ ಸೇರಿರುತ್ತೆ.

ಕಂಪ್ಯೂಟರ್ ಇಲ್ಲ, ಫೋನೇ ಗತಿ ಅನ್ನೋರಿಗೆ ಕ್ಯಾನ್ವಾ. 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು, ಕನ್ನಡದ ಫಾಂಟ್‌ಗಳೂ ಇವೆ. ಪುಟ ಬೇಗ ಚೆಂದ ಕಾಣುತ್ತೆ. ಆದರೆ ಇಂಟರ್‌ನೆಟ್ ಬೇಕು, ಕಿರೀಟದ ಗುರುತಿರೋ ಚಿತ್ರ ಮುಟ್ಟಿದರೆ ಕಾಸು ಕೇಳುತ್ತೆ, ನಿಮ್ಮ ಪುಟಗಳೆಲ್ಲ ಅವರ ಅಟ್ಟದ ಮೇಲೆ ಇರ್ತವೆ. ಪ್ರತಿ ಪುಟ ಮುಗಿದ ಕೂಡಲೇ ಪ್ರಿಂಟಿನ ಪಿಡಿಎಫ್ ಆಗಿ ಇಳಿಸಿಟ್ಟುಕೊಳ್ಳಿ.

ಹರಿದ, ಕಲೆಯಾದ, ಮಾಸಿದ ಫೋಟೋ ರಿಪೇರಿಗೆ ಗಿಂಪ್. 1996ರಿಂದ ಇರೋ ಮುಕ್ತ ತಂತ್ರಾಂಶ, 2025ರ ಮಾರ್ಚ್‌ನಲ್ಲಿ 3.0 ಬಂತು, ಕನ್ನಡ ಚೆನ್ನಾಗಿ ಬರೆಯುತ್ತೆ. ಆದರೆ ಲೇಯರ್, ಮಾಸ್ಕ್ ಅಂತ ಕಲಿಯೋದು ಸಾಕಷ್ಟಿದೆ, ಮೊದಲ ದಿನಕ್ಕೆ ಬೇಡ. ಆರು ಪುಟ ಇಂಪ್ರೆಸ್‌ನಲ್ಲಿ ಮಾಡಿ ಕೈ ಕೂತಮೇಲೆ ಇದಕ್ಕೆ ಬನ್ನಿ.

ಇನ್ನು ಫೋಟೋಶಾಪ್. ಈಗಿನ ಆವೃತ್ತಿಗಳಲ್ಲಿ ಟೈಪ್ ಸೆಟ್ಟಿಂಗಿಗೆ ಹೋಗಿ ಜಗತ್ತಿನ ಎಲ್ಲ ಲಿಪಿಗಳ ಲೇಔಟ್ ಆರಿಸಿದರೆ ಕನ್ನಡ ಸರಿಯಾಗಿಯೇ ಬರುತ್ತೆ, ಸುಳ್ಳು ಹೇಳಬಾರದು. ಆದರೆ ಅದು ತಿಂಗಳ ಬಾಡಿಗೆಯ ಮನೆ. ಮನೆಮಂದಿಗೆ ಅಂತ 2001ರಿಂದ ಬರ್ತಿರೋ ಫೋಟೋಶಾಪ್ ಎಲಿಮೆಂಟ್ಸ್ ಕೂಡ 2025ರ ಆವೃತ್ತಿಯಿಂದ ಮೂರು ವರ್ಷದ ಲೈಸೆನ್ಸ್ ಆಗಿದೆ. ವರ್ಷಕ್ಕೆ ಹತ್ತು ಪುಟ ಮಾಡೋರಿಗೆ ಇದು ದುಬಾರಿ. "ನಮ್ಮ ಹುಡುಗ ಪುಕ್ಕಟೆ ಹಾಕಿಕೊಡ್ತಾನೆ" ಅನ್ನೋ ಕಳ್ಳ ಕಾಪಿ ಅಂತೂ ಬೇಡವೇ ಬೇಡ. ಅದರ ಜೊತೆ ಯಾವ ವೈರಸ್ ಒಳಗೆ ಬಂತೋ ಯಾರಿಗೆ ಗೊತ್ತು. ಮನೆಯ ನಲವತ್ತು ವರ್ಷದ ಫೋಟೋಗಳೆಲ್ಲ ಅದೇ ಕಂಪ್ಯೂಟರಿನಲ್ಲಿ ಇರ್ತವೆ ಅನ್ನೋದು ನೆನಪಿರಲಿ.

"ಆದರೆ ಇಂಪ್ರೆಸ್‌ನಲ್ಲಿ ಆ ಲುಕ್ ಬರಲ್ಲ" ಅನ್ನೋ ಆಕ್ಷೇಪ ಬಂದೇ ಬರುತ್ತೆ. ಒಪ್ಪಿದೆ. ಲುಕ್ ಬೇಕಾದರೆ ನಮ್ಮ ಮದುವೆಗಳ ಕರಿಜ್ಮಾ ಆಲ್ಬಮ್‌ಗಳನ್ನ ತೆಗೆದು ನೋಡಿ. ವಧೂವರರು ಸ್ವಿಸ್ ಬೆಟ್ಟದ ಮುಂದೆ, ಗುಲಾಬಿ ಹೂವಿನೊಳಗೆ, ಕಾಫಿ ಲೋಟದೊಳಗೂ ನಿಂತಿರ್ತಾರೆ. ಮೇಲೆ ಬಾಗಿಸಿ ಬರೆದ ಇಂಗ್ಲಿಷ್ ಪ್ರೇಮದ ಸಾಲು. ಅದೇ ಟೆಂಪ್ಲೇಟು, ಅದೇ ಸಾಲು ಪಕ್ಕದ ಮನೆಯವರ ಆಲ್ಬಮ್ಮಿನಲ್ಲೂ ಇರುತ್ತೆ. ನಲವತ್ತು ಪುಟದಲ್ಲಿ ಧಾರೆ ಎರೆದ ಸೋದರಮಾವನ ಹೆಸರು ಒಂದು ಕಡೆಯೂ ಇಲ್ಲ. ಆ ಸಾಫ್ಟ್‌ವೇರಿಗೆ ಎಲ್ಲ ಬರುತ್ತೆ, ಹೇಳೋಕೆ ಮಾತು ಮಾತ್ರ ಇಲ್ಲ.

ನಮ್ಮ ಮನೆಯಲ್ಲೊಂದು ಸ್ಟುಡಿಯೋ ಫೋಟೋ ಇದೆ, ಪರದೆ ಮೇಲೆ ಬರೆದ ಕೊಳದ ಮುಂದೆ ಏಳು ಜನ ಬಿಗಿಯಾಗಿ ನಿಂತಿದ್ದಾರೆ. ಹಿಂದುಗಡೆ ಪೆನ್ಸಿಲಿನಲ್ಲಿ ಮೂರು ಹೆಸರು. ಉಳಿದ ನಾಲ್ವರಲ್ಲಿ ಇಬ್ಬರನ್ನ ದೊಡ್ಡಮ್ಮ ಗುರುತಿಸಿದರು. ಇನ್ನಿಬ್ಬರನ್ನ ಗುರುತಿಸೋರು ಈಗ ಯಾರೂ ಉಳಿದಿಲ್ಲ. ಆ ಫೋಟೋದ ಸುತ್ತ ಎಂಥಾ ಚಿನ್ನದ ಚೌಕಟ್ಟು ಹಾಕಿದರೂ ಅವರಿಬ್ಬರು ವಾಪಸ್ ಬರೋಲ್ಲ.

ಅದಕ್ಕೇ ನಾನು ಹೇಳೋದು, "ಹೊಸಬರಿಗೆ ಸುಲಭ" ಅನ್ನೋ ಮಾತನ್ನ ಸ್ವಲ್ಪ ತಿರುಗಿಸಿ ನೋಡಿ. ಈ ಕೆಲಸದಲ್ಲಿ ನಿಜವಾದ ಹೊಸಬರು ನಾವಲ್ಲ, ಫೋಟೋದಲ್ಲಿರೋರ ಹೆಸರು ಗೊತ್ತಿರೋ ಅಮ್ಮ, ಅತ್ತೆ, ದೊಡ್ಡಮ್ಮ. ಅವರು ಪಕ್ಕದಲ್ಲಿ ಕೂತು ಹೇಳಬೇಕು, ಸಾಧ್ಯವಾದರೆ ಅವರೇ ಬರೀಬೇಕು. ಟೈಪಿಂಗ್ ಬರದಿದ್ದರೆ ಫೋನಿನ ಜಿಬೋರ್ಡಿನಲ್ಲಿ ಕನ್ನಡ ಹಾಕಿ ಮೈಕ್ ಒತ್ತಿಕೊಡಿ, ಅವರು ಮಾತಾಡಿದ್ದನ್ನ ಅದು ಬರೆದುಕೊಳ್ಳುತ್ತೆ. ತಪ್ಪು ಬಿದ್ದರೆ ನೀವು ತಿದ್ದಿ. ನೋಟೋ, ಬಲೂ ತಮ್ಮ, ನವಿಲು, ಗುಬ್ಬಿ, ಹೀಗೆ ಒಳ್ಳೆಯ ಕನ್ನಡ ಫಾಂಟ್‌ಗಳು ಪುಕ್ಕಟೆ ಸಿಗುತ್ತವೆ. ಒಂದು ಪುಸ್ತಕಕ್ಕೆ ಎರಡು ಫಾಂಟ್ ಸಾಕು. ಒಂದು ಪುಟಕ್ಕೆ ಒಂದು ಫೋಟೋ, ಐದು ಸಾಲು ಮಾತು. ಅಷ್ಟು ಮಾಡೋಕೆ ಅಡ್ಡಿ ಬರದ ಸಾಫ್ಟ್‌ವೇರ್ ಯಾವುದೋ ಅದೇ ಒಳ್ಳೆಯ ಸಾಫ್ಟ್‌ವೇರ್.

ನೀವು ಬಳಸೋ ಬೇರೆ ಯಾವುದಾದರೂ ಇದ್ದರೆ ನಾಲ್ಕು ಪದದ ಪರೀಕ್ಷೆ ಮಾಡಿ ಪಾಸೋ ಫೇಲೋ ತಿಳಿಸಿ, ಇಲ್ಲೇ ಒಂದು ಪಟ್ಟಿ ಮಾಡೋಣ. ಆದರೆ ಅದಕ್ಕೆ ಮುಂಚೆ ಒಂದು ಕೆಲಸ. ಈ ಭಾನುವಾರ ಅಟ್ಟದ ಟ್ರಂಕು ಇಳಿಸಿ, ದೊಡ್ಡೋರನ್ನ ಕೂರಿಸಿಕೊಂಡು ಹೆಸರು ಬರೆಸಿಕೊಳ್ಳಿ. ಸಾಫ್ಟ್‌ವೇರ್ ಸೋಮವಾರ ಹಾಕಿಕೊಂಡರೂ ನಡೆಯುತ್ತೆ.