ಸಾಲ್ಯಾಗ ಕನ್ನಡ, ಅಂಗಡ್ಯಾಗ ಚಿತ್ರಾನ್ನ!

ಬನಹಟ್ಟಿಯ ನೇಕಾರನ ಮಗನೊಬ್ಬ ಸಾಲಿಯ ಕಂಪ್ಯೂಟರಿನಲ್ಲಿ ಹಳೇ ನುಡಿ ಫಾಂಟಿನಲ್ಲಿ ಅರ್ಜಿ ಟೈಪು ಮಾಡಿದ ಎಂದಿಟ್ಟುಕೊಳ್ಳಿ. ಆ ಫಾಂಟು ಇಲ್ಲದ ಜಮಖಂಡಿಯ ಅಂಗಡಿಯಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ! ‘ನಮ್ಮ ಕನ್ನಡ ಎಲ್ಲಿ ಹೋತ್ರೀ ಸರ?’ ಎಂದು ಹುಡುಗ ಕೇಳಿದರೆ ಮಾಸ್ತರರ ಉತ್ತರವೇನು?

ಯೂನಿಕೋಡಿನಲ್ಲಿ ಬರೆದರೆ ಈ ಫಜೀತಿ ಇಲ್ಲ. ಈಗ ನುಡಿಯಲ್ಲೂ ಅದುಂಟು. ಲಿನಕ್ಸ್, ಲಿಬ್ರೆ ಆಫೀಸಿಗಂತೂ ಕಾಸು ಕೊಡಬೇಕಿಲ್ಲ. ಕೇರಳದ ಸರಕಾರಿ ಶಾಲೆಗಳು ಇಂಥ ಮುಕ್ತ ತಂತ್ರಾಂಶವನ್ನು ಒಪ್ಪಿ ವರ್ಷಗಳೇ ಆದವು. ಕಾಸರಗೋಡಿನ ಕನ್ನಡ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಮುಧೋಳ, ಬೀಳಗಿಯ ಮಕ್ಕಳೇನು ಕಡಿಮೆ?

ಕಂಪ್ಯೂಟರ್ ಕೊಟ್ಟು ಕೈ ತೊಳಕೊಂಡರೆ ಸಾಲದು. ಅದರಲ್ಲಿ ಕಲಿಸುವುದು ಸಾಲಿಯ ಹೊರಗೂ ನಡೆಯಬೇಕಲ್ಲವೇ? ಸಂಬಂಧಪಟ್ಟವರು ಕಣ್ಣು ತೆರೆಯಲಿ.